ಹಳ್ಳಿಕಾರ್, ಎಚ್.ಎಫ್., ಎಮ್ಮೆ: ಯಾರಿಗೆ ಯಾರು ನೆಂಟರು?



ನಾಟಿ ಹಸುವಿಗೆ ಎಚ್.ಎಫ್. ಹೋರಿಯ ವೀರ್ಯ ಕೊಡಿಸಿದರೆ ಗಬ್ಬ ನಿಲ್ಲುತ್ತದೆ, ಎಮ್ಮೆಗೆ ಕೊಡಿಸಿದರೆ ನಿಲ್ಲುವುದಿಲ್ಲ. ಏಕೆ? ಉತ್ತರ ಪ್ರಾಣಿಗಳ ವಂಶವೃಕ್ಷದಲ್ಲಿದೆ. ಹಸು, ಎಮ್ಮೆ ಹತ್ತಾರು ಲಕ್ಷ ವರ್ಷಗಳ ಹಿಂದೆಯೇ ಬೇರೆ ಕೊಂಬೆಗಳಾದವು. ಹಸುವಿಗೆ 60 ವರ್ಣತಂತುಗಳು, ಮುರ್ರಾ, ಸುರ್ತಿ ಎಮ್ಮೆಗಳಿಗೆ 50. ಹಳ್ಳಿಕಾರ್ ಮತ್ತು ಎಚ್.ಎಫ್. ಒಂದೇ ಕೊಂಬೆಯ ಎರಡು ಕವಲು, ಎರಡಕ್ಕೂ 60.

ಈ ವೃಕ್ಷ ತಿಳಿಯುವುದು ಹೇಗೆ? ಹಿಂದೆ ಮೂಳೆ, ಹಲ್ಲು, ಕೊಂಬು ಹೋಲಿಸುತ್ತಿದ್ದರು. ಈಗ ಡಿ.ಎನ್.ಎ. ಹೋಲಿಸುತ್ತಾರೆ. ಅದರ ಒಂದು ಭಾಗ ಕರುವಿಗೆ ತಾಯಿಯಿಂದ ಮಾತ್ರ ಬರುತ್ತದೆ. 1994ರಲ್ಲಿ ಅದನ್ನು ಹೋಲಿಸಿದಾಗ, ಭಾರತದ ಡುಬ್ಬದ ಹಸುಗಳೂ ಯುರೋಪಿನ ಡುಬ್ಬವಿಲ್ಲದ ಹಸುಗಳೂ ಮನುಷ್ಯ ಪಳಗಿಸುವ ಬಹಳ ಮೊದಲೇ ಕವಲೊಡೆದಿದ್ದವೆಂದು ತಿಳಿಯಿತು.

ನಿಮ್ಮ ಕೊಟ್ಟಿಗೆಗೆ ಇದರಿಂದೇನು? ಬಿಸಿಲು, ಉಣ್ಣೆಕಾಟ ತಡೆಯುವ ಗುಣ ಡುಬ್ಬದ ಕವಲಿನದು. ಹೆಚ್ಚು ಹಾಲು ಎಚ್.ಎಫ್. ಕಡೆಯದು. ಹಳ್ಳಿಕಾರ್ ಹಸುವಿಗೆ ಹುಟ್ಟುವ ಮಿಶ್ರತಳಿ ಕರುವಿನಲ್ಲಿ ಎಚ್.ಎಫ್. ಅಂಶ ಅರ್ಧ. ಅದಕ್ಕೂ ಶುದ್ಧ ಎಚ್.ಎಫ್. ಕೊಡಿಸಿದರೆ ಮುಂದಿನ ಕರುವಿನಲ್ಲಿ ಮುಕ್ಕಾಲು, ಅದರ ಮುಂದೆ ಶೇ. 87.5. ಪಾವಗಡ, ಶಿರಾದ ಏಪ್ರಿಲ್ ಬಿಸಿಲಿಗೆ ಮೊದಲು ಏದುಸಿರು ಬಿಡುವುದು ಇಂಥ ಹಸುಗಳೇ. ಅರ್ಧಕ್ಕೆ ನಿಲ್ಲಿಸಬೇಕೆಂದರೆ ಅರ್ಧ ಅಂಶದ ಮಿಶ್ರತಳಿ ಹೋರಿಯ ವೀರ್ಯವನ್ನೇ ಕೇಳಿ.

ಮಧುಗಿರಿಯಿರಲಿ, ಕೊರಟಗೆರೆಯಿರಲಿ, ಪ್ರತಿ ಸಲವೂ ಹಸುವಿನ ಕಿವಿಯೋಲೆ ಸಂಖ್ಯೆ, ಹೋರಿಯ ಸಂಖ್ಯೆ, ದಿನಾಂಕ ಬರೆದಿಡಿ. ಇಲ್ಲದಿದ್ದರೆ ಅಪ್ಪನ ವೀರ್ಯವೇ ಮಗಳಿಗೆ ಬಿದ್ದು ಕರುಗಳು ಬಲಹೀನವಾಗಬಹುದು. ನಿಮ್ಮ ಹಸುವಿನ ವಂಶವೃಕ್ಷಕ್ಕೆ ಒಂದು ನೋಟ್‌ಬುಕ್ ಸಾಕು.