ಆಕಾಶದ ವಿದ್ಯೆ: ಪದವಿ ಯಾವುದು, ಪರವಾನಗಿ ಯಾವುದು?

ಕಳೆದ ತಿಂಗಳು ಒಂದು ಭಾನುವಾರ ನಮ್ಮ ವಾಚನಾಲಯದ ಹಿರಿಯ ಸದಸ್ಯರೊಬ್ಬರು ಬಣ್ಣದ ಪುಸ್ತಿಕೆಯೊಂದನ್ನು ಕೈಯಲ್ಲಿ ಹಿಡಿದು ಬಂದರು. ಅವರು ಕೋಟೆ ಭಾಗದ ಕಚೇರಿಯೊಂದರಲ್ಲಿ ಗುಮಾಸ್ತರು. ಇಪ್ಪತ್ತಾರು ವರ್ಷಗಳ ನೌಕರಿ. ಅವರ ಮಗ ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಕುಳಿತಿದ್ದಾನೆ. ಹುಡುಗನಿಗೆ ಡ್ರೋನ್ ಹಾರಿಸುವುದರಲ್ಲಿ ಬಹಳ ಆಸಕ್ತಿ. ಖಾಸಗಿ ಕಾಲೇಜೊಂದು ‘ಡ್ರೋನ್ ಮತ್ತು ವಿಮಾನಯಾನದಲ್ಲಿ ಮೂರು ವರ್ಷದ ಪದವಿ, ಮುಗಿಸಿದವರು ಪೈಲಟ್’ ಎಂದು ಆ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿತ್ತು. ಶುಲ್ಕ ವರ್ಷಕ್ಕೆ ಮೂರು ಲಕ್ಷ ರೂಪಾಯಿ. ವಸತಿ, ಊಟ ಬೇರೆ. “ಪ್ರಾವಿಡೆಂಟ್ ಫಂಡಿನ ಹಣ ತೆಗೆದು ಕಟ್ಟಿಬಿಡಲೇ? ನೀವು ನಾಲ್ಕು ಪುಸ್ತಕ ನೋಡಿದವರು, ಹೇಳಿ” ಎಂದು ಅವರು ಕೇಳಿದರು.

ಇಂತಹ ಪುಸ್ತಿಕೆಗಳು ಬೇರೆ ಸದಸ್ಯರ ಮನೆಗಳಿಗೂ ಬರುತ್ತಿವೆಯೆಂದು ವಿಚಾರಿಸಿದಾಗ ತಿಳಿಯಿತು. ಆದುದರಿಂದ ನಾವು ಕಲೆಹಾಕಿದ ವಿಷಯವನ್ನು ಎಲ್ಲರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇವೆ.

ಎರಡು ಬೇರೆ ಬೇರೆ ಕಾಗದಗಳು

ಮೊಟ್ಟಮೊದಲು ತಿಳಿಯಬೇಕಾದ ಸಂಗತಿ ಇದು: ಪದವಿಯೇ ಬೇರೆ, ಹಾರಿಸುವ ಅಧಿಕಾರವೇ ಬೇರೆ. ಕಾನೂನು ಓದಿ ಪದವಿ ಪಡೆದವನು ಸಹ ಬಾರ್ ಕೌನ್ಸಿಲಿನ ಸನದು ಇಲ್ಲದೆ ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ. ಇದೂ ಹಾಗೆಯೇ. ಪದವಿ ಕೊಡುವುದು ವಿಶ್ವವಿದ್ಯಾನಿಲಯ. 1956ರ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಕಾಯಿದೆಯಂತೆ, ಶಾಸನದ ಮೂಲಕ ಸ್ಥಾಪಿತವಾದ ಅಥವಾ ಕಾನೂನಿನಂತೆ ಮಾನ್ಯತೆ ಪಡೆದ ಸಂಸ್ಥೆ ಮಾತ್ರ ಪದವಿ ಕೊಡಬಹುದು. ಹಾರಿಸುವ ಅಧಿಕಾರವಾದರೋ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿ.ಜಿ.ಸಿ.ಎ.ಗೆ ಸೇರಿದ ವಿಷಯ. ವಿಶ್ವವಿದ್ಯಾನಿಲಯದ ಮುದ್ರೆ ಎಷ್ಟೇ ದೊಡ್ಡದಾಗಿದ್ದರೂ ಅದರಿಂದ ಯಾರೂ ಪೈಲಟ್ ಆಗಲಾರರು. ಹಾಗೆಯೇ ಡಿ.ಜಿ.ಸಿ.ಎ.ಯ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಪದವೀಧರರೂ ಆಗುವುದಿಲ್ಲ. ಪುಸ್ತಿಕೆಗಳು ಈ ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಹೇಳುವುದರಿಂದಲೇ ತಂದೆ ತಾಯಿಗಳಿಗೆ ಗೊಂದಲವಾಗುತ್ತದೆ.

ಡ್ರೋನ್ ಹಾರಿಸಲು ಏನು ಬೇಕು?

ಡ್ರೋನ್ ಎಂದರೆ ಒಳಗೆ ಚಾಲಕನಿಲ್ಲದೆ, ನೆಲದ ಮೇಲೆ ನಿಂತವನ ಹತೋಟಿಯಲ್ಲಿ ಹಾರುವ ಯಂತ್ರ. ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಗಂಡುಜೇನು ಎಂಬ ಅರ್ಥವೂ ಉಂಟು. 2021ರ ಆಗಸ್ಟ್ ತಿಂಗಳಲ್ಲಿ ನಮ್ಮ ದೇಶದಲ್ಲಿ ಡ್ರೋನ್ ನಿಯಮಗಳು ಜಾರಿಗೆ ಬಂದವು. ಅವು ತೂಕದ ಪ್ರಕಾರ ಐದು ವರ್ಗಗಳನ್ನು ಮಾಡಿವೆ: 250 ಗ್ರಾಮಿನವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸಣ್ಣದು, 150 ಕಿಲೋವರೆಗೆ ಮಧ್ಯಮ, ಅದಕ್ಕೂ ಮೇಲ್ಪಟ್ಟದ್ದು ದೊಡ್ಡದು. ನ್ಯಾನೋ ಹಾರಿಸುವವನಿಗೂ, ಸಂಪಾದನೆಯ ಉದ್ದೇಶವಿಲ್ಲದೆ ಮೈಕ್ರೋ ಹಾರಿಸುವವನಿಗೂ ಪ್ರಮಾಣಪತ್ರ ಬೇಕಿಲ್ಲ. ಉಳಿದವರಿಗೆಲ್ಲ ದೂರಚಾಲಕನ ಪ್ರಮಾಣಪತ್ರ ಬೇಕು.

ಈ ಪ್ರಮಾಣಪತ್ರಕ್ಕೆ ಬೇಕಾದ ಅರ್ಹತೆ ಕೇಳಿದರೆ ಅನೇಕರಿಗೆ ಆಶ್ಚರ್ಯವಾದೀತು. ವಯಸ್ಸು 18ರಿಂದ 65ರ ಒಳಗಿರಬೇಕು, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು, ಡಿ.ಜಿ.ಸಿ.ಎ. ಒಪ್ಪಿದ ತರಬೇತಿ ಸಂಸ್ಥೆಯಲ್ಲಿ ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಇಷ್ಟೇ. ಪದವಿಯನ್ನು ಯಾರೂ ಕೇಳುವುದಿಲ್ಲ. ವಿಮಾನಚಾಲಕರಿಗಿರುವ ಕಠಿಣ ವೈದ್ಯ ಪರೀಕ್ಷೆಯೂ ಇಲ್ಲ. ಸಣ್ಣ ವರ್ಗದ ತರಬೇತಿಗೆ ಸುಮಾರು ಒಂದು ವಾರ ಹಿಡಿಯುತ್ತದೆ: ಮೊದಲು ನಿಯಮ ಮತ್ತು ಹವಾಮಾನದ ಪಾಠ, ಬಳಿಕ ಗಣಕಯಂತ್ರದ ಮೇಲೆ ಅಭ್ಯಾಸ, ಕೊನೆಗೆ ಬಯಲಿನಲ್ಲಿ ಹಾರಾಟ. ಸಾಮಾನ್ಯವಾಗಿ ಕೆಲವು ಹತ್ತು ಸಾವಿರ ರೂಪಾಯಿಗಳಲ್ಲಿ ಇದು ಮುಗಿಯುತ್ತದೆ. ಪ್ರಮಾಣಪತ್ರ ಹತ್ತು ವರ್ಷ ನಡೆಯುತ್ತದೆ. ಅಂದಮೇಲೆ, ಬರಿಯ ಈ ಕಾಗದಕ್ಕಾಗಿಯೇ ಒಂಬತ್ತು ಲಕ್ಷ ರೂಪಾಯಿ ಕೊಡುವ ಅಗತ್ಯವಿಲ್ಲವೆಂಬುದನ್ನು ವಾಚಕರೇ ಮನಗಾಣಬಹುದು.

ಹಾರಿಸುವ ಸ್ಥಳದ ವಿಷಯವನ್ನೂ ಮರೆಯಲಾಗದು. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದ್ದಾರೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಅನುಮತಿ ಕೇಳಬೇಕಾಗಿಲ್ಲ. ಹಳದಿಯಲ್ಲಿ ವಾಯುಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಸಾಂತಾಕ್ರೂಜ್, ಜುಹೂ ವಿಮಾನ ನಿಲ್ದಾಣಗಳಿರುವ ನಮ್ಮ ನಗರದ ಮಧ್ಯದಲ್ಲಿ ಕುಳಿತು ‘ನಿತ್ಯ ಹಾರಾಟದ ಅಭ್ಯಾಸ’ ಎನ್ನುವ ಕಾಲೇಜನ್ನು “ನಿಮ್ಮ ಬಯಲು ಎಲ್ಲಿದೆ?” ಎಂದು ಕೇಳಲೇಬೇಕು.

ಕೆಲಸ ಎಲ್ಲಿದೆ?

ಕೆಲಸವೇ ಇಲ್ಲವೆಂದು ನಾವು ಹೇಳುತ್ತಿಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ ಜಾಗಗಳನ್ನು ಡ್ರೋನಿನಿಂದ ಅಳೆದು ಹಕ್ಕುಪತ್ರ ಕೊಡುವ ಕಾರ್ಯ ನಡೆಯಿತು. ಅದರ ಮೊದಲ ಹಂತದಲ್ಲಿಯೇ ಕರ್ನಾಟಕವೂ ಇತ್ತು. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಇನ್ನೊಂದು ಯೋಜನೆಯು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ ಸಿಂಪಡಿಸುವ ಡ್ರೋನ್ ಒದಗಿಸುವ ಗುರಿ ಇಟ್ಟುಕೊಂಡಿತು. ಅದರಲ್ಲಿ ಆಯ್ಕೆಯಾದ ಹೆಂಗಸರಿಗೆ ಗೊತ್ತುಮಾಡಿದ ತರಬೇತಿ ಹದಿನೈದು ದಿನಗಳದು: ಹಾರಿಸಲು ಐದು ದಿನ, ಬೆಳೆ ಮತ್ತು ಔಷಧಿಯ ತಿಳಿವಳಿಕೆಗೆ ಹತ್ತು ದಿನ. ಈ ಲೆಕ್ಕವನ್ನು ಸ್ವಲ್ಪ ಗಮನಿಸಿ. ಯಂತ್ರ ಹಾರಿಸುವುದಕ್ಕಿಂತ ಆ ಯಂತ್ರದಿಂದ ಮಾಡುವ ಕೆಲಸ ತಿಳಿಯುವುದಕ್ಕೇ ಇಮ್ಮಡಿ ಕಾಲ!

ಇಡೀ ವಿಷಯದ ತಿರುಳು ಇಲ್ಲಿಯೇ ಇದೆ. ಹಾರಿಸಬಲ್ಲವರು ದಿನದಿಂದ ದಿನಕ್ಕೆ ಹೆಚ್ಚುತ್ತಾರೆ; ಯಂತ್ರವೂ ತನ್ನಷ್ಟಕ್ಕೆ ತಾನೇ ಹಾರುವುದನ್ನು ಕಲಿಯುತ್ತಿದೆ. ಆದರೆ ಜಮೀನಿನ ನಕ್ಷೆ ತಯಾರಿಸಬಲ್ಲವನು, ವಿದ್ಯುತ್ ಕಂಬದ ಸಾಲಿನಲ್ಲಿ ದೋಷ ಗುರುತಿಸಬಲ್ಲವನು, ಬೆಳೆಯ ರೋಗ ತಿಳಿದವನು, ಕೆಟ್ಟ ಯಂತ್ರವನ್ನು ಬಿಚ್ಚಿ ಸರಿಮಾಡಬಲ್ಲವನು ಎಂದಿಗೂ ಬೇಕು. ಮಾಲೀಕನು ಸಂಬಳ ಕೊಡುವುದು ಈ ತಿಳಿವಳಿಕೆಗೆ. ಆದುದರಿಂದ ಪದವಿಯನ್ನು ಈ ತಿಳಿವಳಿಕೆಗಾಗಿ ಆರಿಸಬೇಕು; ಡ್ರೋನ್ ಪ್ರಮಾಣಪತ್ರವನ್ನು ಅದರ ಜೊತೆಗೆ ಸೇರಿಸಿಕೊಳ್ಳಬೇಕು.

ಸಿವಿಲ್ ಇಂಜಿನಿಯರಿಂಗ್, ಭೂಗೋಳ, ಕೃಷಿ ವಿಜ್ಞಾನ, ಎಲೆಕ್ಟ್ರಾನಿಕ್ಸ್, ಭೌತಶಾಸ್ತ್ರ ಇವುಗಳಲ್ಲಿ ಯಾವುದಾದರೂ ಆಗಬಹುದು. ಯಂತ್ರದ ರಚನೆಯಲ್ಲಿಯೇ ಮನಸ್ಸಿರುವವರು ಏರೋನಾಟಿಕಲ್ ಇಂಜಿನಿಯರಿಂಗ್ ಓದಬಹುದು. ಡ್ರೋನಿಗೆಂದೇ ಮೀಸಲಾದ ಪದವಿ ಕೆಟ್ಟದ್ದೆಂದು ಅರ್ಥವಲ್ಲ. ಒಳ್ಳೆಯ ಪ್ರಯೋಗಾಲಯ, ಅನುಭವವುಳ್ಳ ಅಧ್ಯಾಪಕರು ಇದ್ದಲ್ಲಿ ಅದೂ ಸಾರ್ಥಕ. ಆದರೆ ಕಾಲ ಬದಲಾದಾಗ ಬೇರೆ ಕೆಲಸಕ್ಕೂ ಒದಗುವ ಪದವಿ ಬಡವನ ಮನೆಗೆ ಹೆಚ್ಚು ಕ್ಷೇಮ.

ವಿಮಾನದ ಪೈಲಟ್ ಆಗಬೇಕೆಂದರೆ

ಇದು ಮತ್ತೊಂದು ದಾರಿ. ಡ್ರೋನಿನ ಪ್ರಮಾಣಪತ್ರದಿಂದ ಇಲ್ಲಿಗೆ ಏಣಿ ಇಲ್ಲ. ವಾಣಿಜ್ಯ ವಿಮಾನಚಾಲಕನ ಪರವಾನಗಿಗೆ 18 ವರ್ಷ ತುಂಬಿರಬೇಕು. 200 ಗಂಟೆಗಳ ಹಾರಾಟ ಮಾಡಿರಬೇಕು. ವಾಯುಮಾರ್ಗ, ಹವಾಮಾನ, ನಿಯಮ, ಯಂತ್ರಜ್ಞಾನಗಳ ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ರೇಡಿಯೋ ಸಂಭಾಷಣೆಯ ಪರೀಕ್ಷೆಯನ್ನೂ ಕೊಡಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿದ್ದರೆ ಈ ದಾರಿಯಲ್ಲಿ ಅಡ್ಡಿ ಬಾರದು. ಇಲ್ಲಿಯೂ ಪದವಿ ಕಡ್ಡಾಯವಲ್ಲ. ಆದರೆ ಖರ್ಚು ಸಾಮಾನ್ಯವಾಗಿ ನಲವತ್ತು ಲಕ್ಷ ರೂಪಾಯಿ ದಾಟುತ್ತದೆ.

ಹಣ ಕಟ್ಟುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಡಿ.ಜಿ.ಸಿ.ಎ. ಒಪ್ಪಿದ ವೈದ್ಯರಲ್ಲಿ ಎರಡನೆಯ ದರ್ಜೆಯ ಪರೀಕ್ಷೆ, ಬಳಿಕ ಒಂದನೆಯ ದರ್ಜೆಯ ಪರೀಕ್ಷೆ ಮಾಡಿಸಬೇಕು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ಕಣ್ಣು, ಕಿವಿಯ ದೋಷ, ಹೃದಯದ ತೊಂದರೆ ಇಲ್ಲಿ ಹೊರಬೀಳುತ್ತವೆ. ಮೊದಲು ಶುಲ್ಕ ಕಟ್ಟಿ ಆಮೇಲೆ ವೈದ್ಯರ ಬಳಿಗೆ ಹೋಗುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಇಷ್ಟು ಹಣ ಹೊಂದಿಸಲಾರದವರಿಗೆ ಮೂರನೆಯ ದಾರಿಯುಂಟು: ವಿಮಾನ ದುರಸ್ತಿಯ ವಿದ್ಯೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಡಿ.ಜಿ.ಸಿ.ಎ. ಒಪ್ಪಿದ ಸಂಸ್ಥೆಯಲ್ಲಿ ಕಲಿತು, ಪರೀಕ್ಷೆ ಕೊಟ್ಟು, ಅನುಭವ ಪಡೆದು ಪರವಾನಗಿ ಪಡೆಯುತ್ತಾರೆ. ಅವರ ಸಹಿ ಬೀಳದೆ ವಿಮಾನ ನೆಲ ಬಿಡುವುದಿಲ್ಲ.

ಪೈಲಟ್ ಆಗಲಾರದವರು ಆಕಾಶವನ್ನೇ ಕಳೆದುಕೊಂಡರೆಂದು ತಿಳಿಯಬೇಕಾಗಿಲ್ಲ. ಡಾ. ಎ. ಪಿ. ಜೆ. ಅಬ್ದುಲ್ ಕಲಾಮರು ಮದರಾಸಿನ ಎಂ.ಐ.ಟಿ.ಗೆ ಸೇರುವಾಗ ಮನೆಯಲ್ಲಿ ಹಣವಿರಲಿಲ್ಲ. ಅಕ್ಕ ಜೊಹರಾ ತಮ್ಮ ಬಂಗಾರದ ಬಳೆ, ಸರ ಒತ್ತೆಯಿಟ್ಟು ಹಣ ಒದಗಿಸಿದರು. ಮುಂದೆ ವಾಯುಪಡೆಯ ಆಯ್ಕೆಗೆಂದು ಡೆಹರಾಡೂನಿಗೆ ಹೋದಾಗ ಎಂಟು ಸ್ಥಾನಗಳಿದ್ದುವು, ಕಲಾಮರು ಒಂಬತ್ತನೆಯವರಾದರು. ಆದರೆ ಕೈಯಲ್ಲಿ ಇಂಜಿನಿಯರಿಂಗ್ ವಿದ್ಯೆ ಇತ್ತು. ಅದೇ ಅವರನ್ನು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಗೆ ಕರೆತಂದಿತು. ಇದೇ ಸಂಸ್ಥೆ ಮುಂದೆ ‘ಲಕ್ಷ್ಯ’, ‘ನಿಶಾಂತ್’ ಎಂಬ ಚಾಲಕರಹಿತ ವಿಮಾನಗಳನ್ನು ನಿರ್ಮಿಸಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಇಂತಹ ವಿಮಾನಗಳ ಪರೀಕ್ಷೆಗೆಂದೇ ಕಟ್ಟಿದ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಅಕ್ಕನ ಬಳೆ ವ್ಯರ್ಥವಾಗಲಿಲ್ಲ. ಏಕೆಂದರೆ ಅದು ಒಂದೇ ಬಾಗಿಲಿಗೆ ಹೊಂದುವ ಬೀಗದ ಕೈಯನ್ನು ಕೊಂಡಿರಲಿಲ್ಲ.

ಕಾಲೇಜಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು

ಒಂದನೆಯದು, ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು? ಅದರ ಹೆಸರು ಅನುದಾನ ಆಯೋಗದ ಪಟ್ಟಿಯಲ್ಲಿ ಇದೆಯೇ? ಆಯೋಗವು ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ; ಅದನ್ನೂ ನೋಡಬೇಕು.

ಎರಡನೆಯದು, ಹಾರಾಟದ ತರಬೇತಿ ಕೊಡುವವರು ಯಾರು? ಕಾಲೇಜೇ ಡಿ.ಜಿ.ಸಿ.ಎ.ಯ ಒಪ್ಪಿಗೆ ಪಡೆದಿದೆಯೇ, ಅಥವಾ ಹೊರಗಿನ ಸಂಸ್ಥೆಗೆ ಕಳುಹಿಸುತ್ತದೆಯೇ? ಆ ಒಪ್ಪಿಗೆಯ ಅವಧಿ ಎಂದಿನವರೆಗೆ ಇದೆ?

ಮೂರನೆಯದು, ಪ್ರಮಾಣಪತ್ರದ ಖರ್ಚು ಶುಲ್ಕದಲ್ಲಿ ಸೇರಿದೆಯೇ? ಬಾಯಿಮಾತು ಸಾಲದು, ಬರವಣಿಗೆಯಲ್ಲಿ ಕೊಡಲಿ.

ನಾಲ್ಕನೆಯದು, ಒಬ್ಬ ವಿದ್ಯಾರ್ಥಿಗೆ ನಿಜವಾಗಿ ಎಷ್ಟು ಗಂಟೆಗಳ ಹಾರಾಟ ಸಿಗುತ್ತದೆ? ಡ್ರೋನುಗಳು ಎಷ್ಟಿವೆ, ವಿದ್ಯಾರ್ಥಿಗಳು ಎಷ್ಟಿದ್ದಾರೆ?

ಐದನೆಯದು, ಕಳೆದ ವರ್ಷ ಓದು ಮುಗಿಸಿದವರು ಎಲ್ಲಿದ್ದಾರೆ? ಅವರಲ್ಲಿ ಇಬ್ಬರೊಡನೆ ಮಾತನಾಡಲು ಅವಕಾಶ ಕೊಡುತ್ತೀರಾ?

ಆರನೆಯದು, ಮಧ್ಯದಲ್ಲಿ ಬಿಟ್ಟರೆ ಹಣ ಎಷ್ಟು ಹಿಂದಿರುಗುತ್ತದೆ?

ಈ ಆರು ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವ ಕಾಲೇಜಿಗೆ ಸೇರಲು ಅಂಜಬೇಕಾಗಿಲ್ಲ. ‘ಸೀಟುಗಳು ಮುಗಿಯುತ್ತಿವೆ, ಇಂದೇ ಕಟ್ಟಿ’ ಎಂದು ಅವಸರ ಮಾಡುವಲ್ಲಿ ಮಾತ್ರ ಮನೆಗೆ ಮರಳಿ ಬರುವುದೇ ಲೇಸು. ನಿಯಮಗಳನ್ನು ಸರ್ಕಾರ ಆಗಾಗ್ಗೆ ತಿದ್ದುತ್ತಿರುವುದರಿಂದ, ಸೇರುವ ವರ್ಷದ ನಿಯಮವನ್ನೇ ಓದಿಕೊಳ್ಳಬೇಕು.

ಜುಹೂ ಬಯಲಿನ ನೆನಪು

1929ರಲ್ಲಿ ಭಾರತದ ಮೊದಲ ವಿಮಾನಚಾಲಕ ಪರವಾನಗಿ ಪಡೆದ ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆ ತುಂಬಿದ ಪುಟ್ಟ ವಿಮಾನವನ್ನು ಜುಹೂ ಬಯಲಿಗೆ ತಂದಿಳಿಸಿದರು. ಅಂಚೆ ಅಲ್ಲಿಂದ ಮುಂದಕ್ಕೆ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಹೋಯಿತು. ಅಂದು ಹಾರಾಟ ಸಿರಿವಂತರ ಸ್ವತ್ತಾಗಿತ್ತು. ಇಂದು ಗುಮಾಸ್ತನ ಮಗನೂ, ಗಿರಣಿಯಲ್ಲಿ ದುಡಿದವನ ಮಗಳೂ ಆಕಾಶದ ಕೆಲಸವನ್ನು ಬಯಸಬಹುದಾಗಿದೆ. ಈ ಬಯಕೆಯನ್ನು ನಾವು ತಡೆಯಬಾರದು. ಲೆಕ್ಕ ಹಾಕಿ ನಡೆಸಬೇಕು.

ನಮ್ಮ ಸದಸ್ಯರು ಮಗನೊಡನೆ ಆ ಕಾಲೇಜಿಗೆ ಹೋಗಿ ಪ್ರಶ್ನೆಗಳನ್ನು ಕೇಳಿದರು. ಪದವಿಯೇನೋ ನಿಜವಾದದ್ದೇ. ಆದರೆ ಹಾರಾಟದ ತರಬೇತಿ ಹೊರಗಿನ ಸಂಸ್ಥೆಯದು, ಅದರ ಶುಲ್ಕ ಬೇರೆ ಎಂದು ತಿಳಿಯಿತು. ತಂದೆ ಮಗ ಇಬ್ಬರೂ ಎರಡು ಸಂಜೆ ನಮ್ಮ ಮೇಜಿನ ಬಳಿ ಕುಳಿತು ಲೆಕ್ಕ ಮಾಡಿದರು. ಹುಡುಗ ಈಗ ಉಪನಗರದ ಅನುದಾನಿತ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿ.ಎಸ್‌ಸಿ.ಗೆ ಅರ್ಜಿ ಹಾಕಿದ್ದಾನೆ. ಹದಿನೆಂಟು ತುಂಬಿದೊಡನೆ, ದೀಪಾವಳಿಯ ರಜೆಯಲ್ಲಿ ಡ್ರೋನ್ ತರಬೇತಿ. ಬಳಿಕ ಭೂಮಾಪನ ಮತ್ತು ನಕ್ಷೆಯ ವಿದ್ಯೆ. ಪ್ರಾವಿಡೆಂಟ್ ಫಂಡಿನ ಹಣ ಸದ್ಯಕ್ಕೆ ಇದ್ದಲ್ಲಿಯೇ ಇದೆ. “ಮೊದಲು ನನಗೆ ಸಿಟ್ಟು ಬಂದಿತ್ತು; ಈಗ ಇಲ್ಲ” ಎಂದು ಹುಡುಗ ತಾನಾಗಿಯೇ ನಮಗೆ ಹೇಳಿದ.

ಇಂತಹ ಪುಸ್ತಿಕೆ ಕೈಗೆ ಬಂದವರು ಹಣ ಕಟ್ಟುವ ಮುನ್ನ ಅದನ್ನು ವಾಚನಾಲಯಕ್ಕೆ ತರಬೇಕೆಂದು ವಿನಂತಿ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾವು ಇರುತ್ತೇವೆ. ಸರ್ಕಾರದ ಪಟ್ಟಿಗಳನ್ನು ಇಲ್ಲಿಯ ಗಣಕಯಂತ್ರದಲ್ಲಿ ಒಟ್ಟಿಗೆ ನೋಡೋಣ. ಮಕ್ಕಳನ್ನೂ ಜೊತೆಗೆ ಕರೆತನ್ನಿ, ಓದುವವರು ಅವರು.