ನಿಧಾನಗತಿಯಲ್ಲಿ ತಡವರಿಸುವ ಎಂಜಿನ್

ಬಣ್ಣಾರಿಯಿಂದ ದಿಂಬಂಗೆ ಹತ್ತುವ ಘಟ್ಟದಲ್ಲಿ ೨೭ ಕಡಿದಾದ ತಿರುವುಗಳಿವೆ. ನಮ್ಮ ತಾಳವಾಡಿ ಸೀಮೆಯವರಿಗೆ ಅದು ಪರಿಚಿತ ದಾರಿ. ಕಳೆದ ವರ್ಷ ನಾವು ಕೆಲವರು ವಿದ್ಯಾರ್ಥಿಗಳು ಅಧ್ಯಾಪಕರೊಬ್ಬರ ಹಳೆಯ ಪೆಟ್ರೋಲ್ ಕಾರಿನಲ್ಲಿ ಸತ್ಯಮಂಗಲದಿಂದ ಹಿಂದಿರುಗುತ್ತಿದ್ದೆವು. ನೇರ ದಾರಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಕಾರು ತಿರುವಿನಲ್ಲಿ ವೇಗ ತಗ್ಗಿಸಿದೊಡನೆ ತಡವರಿಸುತ್ತಿತ್ತು. ಒಂದು ತಿರುವಿನಲ್ಲಂತೂ ನಿಂತೇಹೋಯಿತು. ಹಿಂದೆ ಲಾರಿಗಳ ಸಾಲು! ಅಧ್ಯಾಪಕರು ಬ್ರೇಕನ್ನು ಬಲವಾಗಿ ತುಳಿದು ಹಿಡಿದರು. ನಾವು ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟೆವು. ಹೇಗೋ ಊರು ಸೇರಿ, ಮರುದಿನ ಕಾರಣ ಹುಡುಕಲು ಹೊರಟೆವು.

ಪೆಟ್ರೋಲ್ ಚೆನ್ನಾಗಿ ಉರಿಯಲು ತೂಕದಲ್ಲಿ ಅದರ ಸುಮಾರು ೧೫ ಪಾಲು ಗಾಳಿ ಬೇಕು. ಇವೆರಡನ್ನೂ ಬೆರೆಸುವುದು ಕಾರ್ಬ್ಯುರೇಟರಿನ ಕೆಲಸ. ಬೆಟ್ಟದ ತೆಳುಗಾಳಿಯೇ ಕಾರಣವೆಂದು ನಾವು ಮೊದಲು ಊಹಿಸಿದೆವು. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಹಾಗಾದರೆ ಪೆಟ್ರೋಲ್ ಹೆಚ್ಚಾಗಿ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಕಪ್ಪು ಮಸಿ ಕೂರಬೇಕು. ಎಂಜಿನ್ ಆರಿದ ಮೇಲೆ ಬಿಚ್ಚಿ ನೋಡಿದರೆ ಅವು ಬಿಳುಪಾಗಿದ್ದವು! ಎಂದರೆ ಗಾಳಿಯೇ ಹೆಚ್ಚು, ಪೆಟ್ರೋಲ್ ಕಡಿಮೆ.

ನಿಧಾನಗತಿಗೆ ಪೆಟ್ರೋಲ್ ಒದಗಿಸುವ ಸಣ್ಣ ರಂಧ್ರ ಕಟ್ಟಿಕೊಂಡಿರಬಹುದೆಂದು ಅದನ್ನು ಊದಿ ಶುಚಿಮಾಡಿದೆವು. ಗುಣ ಕಾಣಲಿಲ್ಲ. ಉಳಿದದ್ದು ಒಂದೇ ಅನುಮಾನ: ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿರಬೇಕು. ವೇಗವಾಗಿ ಓಡುವಾಗ ಎಂಜಿನ್ ಧಾರಾಳವಾಗಿ ಗಾಳಿ ಎಳೆಯುವುದರಿಂದ ಸಣ್ಣ ಸೋರಿಕೆ ಲೆಕ್ಕಕ್ಕೆ ಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗಾಳಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿ, ಒಳಗೆ ನಿರ್ವಾತದ ಸೆಳೆತ ಬಲವಾಗುತ್ತದೆ. ಆಗ ಅದೇ ಬಿರುಕು ದೊಡ್ಡ ಪಾಲು ಪಡೆಯುತ್ತದೆ.

ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು, ರಬ್ಬರ್ ಕೊಳವೆಗಳಿಗೆ ಒಂದೊಂದಾಗಿ ಸೋಪಿನ ನೀರು ಸವರಿದೆವು. ದಪ್ಪ ಕೊಳವೆಯೊಂದರ ತುದಿಗೆ ಸವರಿದೊಡನೆ ಎಂಜಿನ್ನಿನ ಸದ್ದು ಒಂದು ಕ್ಷಣ ಸರಿಹೋಯಿತು. ಅಲ್ಲೊಂದು ಬಿರುಕು! ಆ ಕೊಳವೆ ಹೋಗುವುದು ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೆ. ಘಟ್ಟದಲ್ಲಿ ಬ್ರೇಕ್ ಗಟ್ಟಿಯಾಗಿದ್ದದ್ದು ಏಕೆಂದು ನಮಗೆ ಆಗ ತಿಳಿಯಿತು. ಬರಿಯ ಎಂಜಿನ್ ತೊಂದರೆಯೆಂದು ಅದೇ ಕಾರಿನಲ್ಲಿ ಘಟ್ಟ ಇಳಿದಿದ್ದರೆ? ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೊಸ ಕೊಳವೆ ಹಾಕಿದೊಡನೆ ಎರಡು ದೋಷಗಳೂ ಹೋದವು. ಈಗಿನ ಕಾರುಗಳಲ್ಲಿ ಕಾರ್ಬ್ಯುರೇಟರಿಲ್ಲ; ಗಣಕಯಂತ್ರವೇ ಪೆಟ್ರೋಲ್ ಅಳೆದು ಸಿಂಪಡಿಸುತ್ತದೆ. ಆದರೂ ಗಾಳಿಯ ಸೋರಿಕೆ ಅವನ್ನೂ ಕಾಡುತ್ತದೆ. ಯಂತ್ರ ತಡವರಿಸುವುದೂ ಒಂದು ಬಗೆಯ ಮಾತು. ಅದನ್ನು ಘಟ್ಟದ ಬುಡದಲ್ಲಿಯೇ ಕೇಳಿಸಿಕೊಳ್ಳುವುದು ಲೇಸು.