ಬೀದರಿನ ಮದರಸ: ಉಳಿದದ್ದು ಒಂದೇ ಮಿನಾರು

ಕಾಸರಗೋಡಿನವರಾದ ನಮಗೆ ಬೀದರ ಬಹು ದೂರದ ಊರು. ಅದು ಕರ್ನಾಟಕದ ನಕ್ಷೆಯಲ್ಲಿ ಉತ್ತರದ ತುತ್ತತುದಿ. ನಾವು ದಕ್ಷಿಣದ ಗೆರೆಯಿಂದ ಆಚೆಗೆ ಉಳಿದವರು. ಆದರೂ ಎರಡು ಊರುಗಳ ಹಣೆಬರಹ ಬರೆದದ್ದು ಒಂದೇ ದಿನ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ ಮೈಸೂರಿಗೆ ಸೇರಿತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಒಳಗೆ ಹೋದವರ ಊರನ್ನು ಹೊರಗೆ ಉಳಿದವರು ಒಮ್ಮೆ ನೋಡಿ ಬರಬೇಕೆಂಬ ಆಸೆ ಬಹುಕಾಲದಿಂದ ಇತ್ತು. ಈ ಸಲ ಕೈಗೂಡಿತು.

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದ ನಾವು ಬೆಳಿಗ್ಗೆ ಬೀದರದಲ್ಲಿ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಣ್ಣು. ನಮ್ಮೂರಿನದೇ ಕೆಂಪು ಮಣ್ಣು! ಎಲ್ಲಿ ನೋಡಿದರೂ ನಮ್ಮ ಮುರಕಲ್ಲಿನ ಸೋದರನೇ. ಇನ್ನೂ ಸೋಜಿಗದ ಸಂಗತಿಯೆಂದರೆ, ನಾವು ಗುಡ್ಡದ ಹೊಟ್ಟೆ ಕೊರೆದು ಸುರಂಗದಿಂದ ನೀರು ತರುವಂತೆ, ಬಹಮನಿ ಸುಲ್ತಾನರ ಕಾಲದಲ್ಲಿ ಇಲ್ಲಿಯೂ ಕೆಂಪುಕಲ್ಲಿನೊಳಗೆ ಕಾಲುವೆ ತೋಡಿ ಊರಿಗೆ ನೀರು ತಂದರು. ಪಾರಸಿಕರಿಂದ ಕಲಿತ ಈ ವಿದ್ಯೆಗೆ ಅವರು ಇಟ್ಟ ಹೆಸರು ಕರೇಜ್. ಜನರ ಬಾಯಲ್ಲಿ ಅದು ಸುರಂಗ ಬಾವಿ. ಪರವೂರು ಎಂಬ ಭಾವನೆ ಅಲ್ಲಿಗೇ ಅರ್ಧ ಕರಗಿತು.

ಬಣ್ಣದ ಗೋಡೆ

ಊರ ನಡುವೆ ಚೌಬಾರವೆಂಬ ಗುಂಡನೆಯ ಕಾವಲು ಗೋಪುರ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ದಾರಿಯ ಬದಿಯಲ್ಲೇ ಮಹಮೂದ್ ಗವಾನನ ಮದರಸ ಎದುರಾಗುತ್ತದೆ. ಇದು 1472ರ ಹೊತ್ತಿಗೆ ಮುಗಿದ ಕಟ್ಟಡ. ಸುಮಾರು 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ಪೂರ್ವಕ್ಕೆ ಮುಖ. ಉತ್ತರದ ಮೂಲೆಯಲ್ಲಿ ಸುಮಾರು 131 ಅಡಿ ಎತ್ತರದ ಮಿನಾರು ಇಂದಿಗೂ ನಿಂತಿದೆ. ದಕ್ಷಿಣದ ಮೂಲೆಯಲ್ಲಿ ಅದರ ಜೋಡಿ ಇತ್ತು, ಈಗ ಇಲ್ಲ.

ಮಿನಾರಿನ ಮೈಮೇಲೆ ಒಂದು ಕಾಲಕ್ಕೆ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಮೆರುಗು ಬಿಲ್ಲೆಗಳನ್ನು ಅಂಕುಡೊಂಕಾಗಿ ಹೊದಿಸಿದ್ದರು. ಹೆಚ್ಚಿನವು ಉದುರಿಹೋಗಿವೆ. ಉಳಿದ ಬಿಲ್ಲೆಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ನಾವು ಮಾತು ನಿಲ್ಲಿಸಿದೆವು. ಐನೂರೈವತ್ತು ಮಳೆಗಾಲ ಕಂಡ ನೀಲಿ ಅದು! ಗೋಡೆಯ ಮೇಲ್ಭಾಗದಲ್ಲಿ ಕುರಾನಿನ ವಚನಗಳ ಪಟ್ಟಿಯೊಂದು ಹರಿದಿದೆ. ನೀಲಿ ನೆಲದ ಮೇಲೆ ದೊಡ್ಡ ಬಿಳಿ ಅಕ್ಷರಗಳು. ಓದಲು ಬಾರದವರಿಗೂ ಅದು ಬಳ್ಳಿಯಂತೆ ಚೆಂದ.

ಕಟ್ಟಡದ ವರ್ಷವನ್ನು ಆ ಕಾಲದ ಕವಿಯೊಬ್ಬ ಲೆಕ್ಕದಲ್ಲಿ ಅಡಗಿಸಿಟ್ಟ. ಅರಬ್ಬಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಉಂಟು. ಮಾಡಿದ ಸೇವೆಯನ್ನು ಸ್ವೀಕರಿಸೆಂದು ದೇವರನ್ನು ಬೇಡುವ ಕುರಾನಿನ ನುಡಿಯೊಂದನ್ನು ಆರಿಸಿ ಅಕ್ಷರಗಳನ್ನು ಕೂಡಿಸಿದರೆ 876 ಬರುತ್ತದೆ. ಅದೇ ಹಿಜರಿ ವರ್ಷ. ಕಟಪಯಾದಿ ಬಲ್ಲ ನಮ್ಮ ಹಿರಿಯರಿಗೆ ಈ ಚಮತ್ಕಾರ ಹೊಸತೆನಿಸದು.

ಒಳಗೆ ಹೋದರೆ ನೂರಡಿ ಚೌಕದ ಅಂಗಳ. ಸುತ್ತಲೂ ಮೂರು ಅಂತಸ್ತಿನ ಕೋಣೆಗಳು. ಗಾಳಿ ಬೆಳಕಿಗೆ ಕಮಾನಿನ ಕಿಟಕಿಗಳು. ವಿದ್ಯಾರ್ಥಿಗಳಿಗೆ 36 ಕೋಣೆ, ಅಧ್ಯಾಪಕರಿಗೆ ಆರು ಬಿಡಾರ ಎಂದು ಲೆಕ್ಕ ಹೇಳುತ್ತಾರೆ. ಮುಂಭಾಗದ ಒಂದು ಪಕ್ಕದಲ್ಲಿ ಮಸೀದಿ, ಇನ್ನೊಂದು ಪಕ್ಕದಲ್ಲಿ ಗ್ರಂಥಾಲಯ. ಅದರಲ್ಲಿ 3000 ಹಸ್ತಪ್ರತಿಗಳಿದ್ದವೆಂದು ಪ್ರತೀತಿ. ಧರ್ಮಶಾಸ್ತ್ರದ ಜತೆಗೆ ತತ್ತ್ವಶಾಸ್ತ್ರ, ಗಣಿತ, ಜ್ಯೋತಿಶ್ಶಾಸ್ತ್ರಗಳ ಪಾಠ ನಡೆಯುತ್ತಿತ್ತು. ಪಾರಸಿಕ, ಅರಬ್ಬೀ ನಾಡುಗಳ ಪಂಡಿತರು ಕಡಲು ದಾಟಿ ಬಂದು ಇಲ್ಲಿ ಕಲಿಸಿದರು. ಸಮರಕಂದ, ಖುರಾಸಾನಗಳ ವಿದ್ಯಾಲಯಗಳ ಮಾದರಿಯನ್ನು ನಮ್ಮ ಕೆಂಪು ನೆಲದಲ್ಲಿ ಇಳಿಸಿದಂತಿದೆ ಈ ಕಟ್ಟಡ.

ಕಟ್ಟಿಸಿದಾತ

ಗವಾನ ಈ ನೆಲದವನಲ್ಲ. ಪಾರಸಿಕ ದೇಶದ ಗೀಲಾನ್ ಪ್ರಾಂತದವನು. 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದಾಗ ಅವನಿಗೆ ನಲವತ್ತು ದಾಟಿತ್ತು. ಬಂದದ್ದು ವ್ಯಾಪಾರಕ್ಕೆ, ನಿಂತದ್ದು ರಾಜ್ಯಭಾರಕ್ಕೆ. ಮೂವರು ಸುಲ್ತಾನರ ಕಾಲದಲ್ಲಿ ಮೇಲೇರಿ ಪ್ರಧಾನಮಂತ್ರಿಯಾದ. ಯುದ್ಧ ಮಾಡಿದ, 1472ರಲ್ಲಿ ಗೋವೆಯನ್ನು ಗೆದ್ದ. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಪ್ರಾಂತಾಧಿಕಾರಿಗಳ ಕೈ ಕಟ್ಟಿದ. ಅಧಿಕಾರ ಬಂದ ಮೇಲೂ ತಾನು ಮಾತ್ರ ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಉಂಡು, ವ್ಯಾಪಾರದ ಲಾಭದಲ್ಲಿ ಬದುಕಿದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ.

ಆ ಆಸ್ಥಾನದಲ್ಲಿ ಎರಡು ಗುಂಪುಗಳಿದ್ದವು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ದಖನಿಗಳು ಒಂದು ಕಡೆ. ಹೊರಗಿನಿಂದ ಬಂದ ಅಫಾಕಿಗಳು ಇನ್ನೊಂದು ಕಡೆ. ಒಬ್ಬರಿಗೆ ಒಬ್ಬರನ್ನು ಕಂಡರಾಗದು. ಸ್ವತಃ ಅಫಾಕಿಯಾದ ಗವಾನ ತನ್ನವರಿಗೇ ಎಲ್ಲವನ್ನೂ ಹಂಚಲಿಲ್ಲ. ಎರಡೂ ಕಡೆಯವರಿಗೆ ಸರಿತೂಕದಲ್ಲಿ ಹುದ್ದೆ ಕೊಟ್ಟ. ಆದರೂ ಅಸೂಯೆ ಸತ್ತಿರಲಿಲ್ಲ.

ಗವಾನ ಪತ್ರ ಬರೆಯುವುದರಲ್ಲಿ ನಿಸ್ಸೀಮ. ಆ ಕಲೆಯ ಮೇಲೆ ಗ್ರಂಥವನ್ನೇ ರಚಿಸಿದವನು. ಅವನ ಪತ್ರಗಳ ಸಂಕಲನವೂ ಉಂಟು. ಅಂಥವನನ್ನು ಕೊಂದದ್ದು ಅವನು ಬರೆಯದ ಒಂದು ಪತ್ರ. ವೈರಿಗಳು ಮುದ್ರೆ ಕಾಯುವವನಿಗೆ ಕುಡಿಸಿ ಬರಿಯ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ದೊರೆಯನ್ನು ಗವಾನನೇ ಕರೆದಂತೆ ಅದರ ಮೇಲೆ ಬರೆದರು. ಸುಲ್ತಾನ ಮೂರನೆಯ ಮಹಮ್ಮದನಿಗೆ ಅದನ್ನು ತೋರಿಸಿದರು. ಮುದ್ರೆ ತನ್ನದು, ಮಾತು ತನ್ನದಲ್ಲ ಎಂದು ಗವಾನ ಹೇಳಿದ್ದು ವ್ಯರ್ಥವಾಯಿತು. 1481ರ ಏಪ್ರಿಲ್ 5ರಂದು ಆ ವೃದ್ಧನ ತಲೆ ಉರುಳಿತು. ಸತ್ಯ ತಿಳಿದ ಸುಲ್ತಾನ ಪಶ್ಚಾತ್ತಾಪದಲ್ಲಿ ಬೆಂದು ಮರುವರ್ಷವೇ ತೀರಿಕೊಂಡ. ಮುಂದಿನ ಕೆಲವು ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ಊರ ಹೊರಗೆ ಗವಾನನ ಸಮಾಧಿ ಇದೆ; ಗುಮ್ಮಟವಿಲ್ಲ, ಆಡಂಬರವಿಲ್ಲ.

ಮದ್ದಿನ ಮನೆ

ಹಾಗಾದರೆ ಮದರಸ ಮುರಿದದ್ದು ಯಾವಾಗ? ಗವಾನನ ಜತೆಗೆ ಅದು ಸಾಯಲಿಲ್ಲ. ನೂರು ವರ್ಷ ಕಳೆದ ಬಳಿಕವೂ ಕಟ್ಟಡ ನಿನ್ನೆ ಮುಗಿದಂತೆ ಇತ್ತೆಂದು ಅದೇ ಫೆರಿಸ್ತಾ ಬರೆದ. ಹದಿನೇಳನೆಯ ಶತಮಾನದ ನಡುವಿನಲ್ಲಿ ಬೀದರ ಮೊಗಲರ ಕೈಸೇರಿತು. ಔರಂಗಜೇಬನ ಕಾಲದಲ್ಲಿ ಈ ಕೋಣೆಗಳಲ್ಲಿ ಸೈನಿಕರು ಬಿಡಾರ ಹೂಡಿದರು. ಕೆಲವು ಕೋಣೆಗಳಲ್ಲಿ ಸಿಡಿಮದ್ದು ತುಂಬಿದರು. ಆ ಶತಮಾನ ಮುಗಿಯುವುದರೊಳಗೆ ಒಂದು ದಿನ ಮದ್ದು ಹೊತ್ತಿಕೊಂಡಿತು. ದಕ್ಷಿಣದ ಮಿನಾರು, ಹೆಬ್ಬಾಗಿಲು, ಮುಂಗೋಡೆಯ ಬಹುಭಾಗ ನೆಲಸಮವಾದವು.

ಗೋಡೆ ಬಿದ್ದದ್ದು ಆ ದಿನ. ಶಾಲೆ ಬಿದ್ದದ್ದು ಅದಕ್ಕೂ ಮೊದಲೇ, ಓಲೆ ಇಡುವ ಜಾಗದಲ್ಲಿ ಮದ್ದು ಇಟ್ಟ ದಿನ ಎಂದು ನಮಗೆ ತೋರಿತು.

ನೆರಳಿನಲ್ಲಿ ಕುಳಿತಿದ್ದ ಊರಿನ ಹಿರಿಯರೊಬ್ಬರು ನಮ್ಮನ್ನು ಮಾತಾಡಿಸಿದರು.

"ಯಾವ ಊರಿನವರ್ರಿ ನೀವು?"

"ಕಾಸರಗೋಡು."

"ಅದು ಕೇರಳದಾಗ ಅದಲ್ರಿ? ಮತ್ತ ಕನ್ನಡ ಹ್ಯಾಂಗ ಬರ್ತದ?"

ಮನೆಯಲ್ಲಿ, ಶಾಲೆಯಲ್ಲಿ ಕಲಿತದ್ದೆಂದು ಹೇಳಿದೆವು. ಅವರು ನಕ್ಕರು. ತಾವು ಚಿಕ್ಕವರಿದ್ದಾಗ ನಿಜಾಮರ ಆಳ್ವಿಕೆಯಲ್ಲಿ ಶಾಲೆಯೆಂದರೆ ಉರ್ದು ಎಂದೂ, ಕನ್ನಡವನ್ನು ಮನೆಯಲ್ಲಿ ತಾಯಿಯ ಬಾಯಿಂದ ಕಲಿತೆವೆಂದೂ ಹೇಳಿದರು. "ಉರ್ದು ಬಿಟ್ಟಿಲ್ರಿ, ಕನ್ನಡನೂ ಬಿಟ್ಟಿಲ್ಲ. ಮರಾಠಿ, ತೆಲುಗೂ ಬರ್ತದ. ಎಲ್ಲಾ ಇರ್ಲಿ" ಎಂದರು.

ಆ "ಎಲ್ಲಾ ಇರ್ಲಿ" ಎಂಬ ಮಾತು ಊರಿಗೆ ಮರಳಿದ ಮೇಲೂ ಕಿವಿಯಲ್ಲಿದೆ. ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿಗಳ ನಡುವೆ ಕನ್ನಡವನ್ನು ಇಟ್ಟುಕೊಂಡು ಬಾಳುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ನುಡಿಯನ್ನು ದೂಡಿ ನಮ್ಮದು ಉಳಿಯದು. ನಮ್ಮದನ್ನು ಬಿಟ್ಟುಕೊಟ್ಟರೆ ಬೇರೆಯವರು ಅದನ್ನು ಉಳಿಸಿ ಕೊಡುವುದೂ ಇಲ್ಲ.

ನಮ್ಮೂರ ಕನ್ನಡ ಶಾಲೆಯ ಮುರಕಲ್ಲಿನ ಗೋಡೆಗೆ ನೀಲಿ ಬಿಲ್ಲೆಗಳಿಲ್ಲ. ಅದನ್ನು ನೋಡಲು ಯಾರೂ ರೈಲು ಹತ್ತಿ ಬರುವುದಿಲ್ಲ. ಆದರೆ ಅಲ್ಲಿ ಇಂದಿಗೂ ಮಕ್ಕಳು ಮಗ್ಗಿ ಹೇಳುವುದು ದಾರಿಯವರೆಗೆ ಕೇಳಿಸುತ್ತದೆ. ಬೀದರಿನ ಅಷ್ಟು ದೊಡ್ಡ ಅಂಗಳದಲ್ಲಿ ನಾವು ಕೇಳಲು ಕಾದದ್ದು ಆ ಸದ್ದನ್ನೇ. ಗೋಡೆಯನ್ನು ಸರಕಾರ ರಿಪೇರಿ ಮಾಡಿಸೀತು. ಆ ಸದ್ದನ್ನು ಉಳಿಸಬೇಕಾದವರು ಮಕ್ಕಳನ್ನು ಅಲ್ಲಿಗೆ ಕಳುಹಿಸುವ ನಮ್ಮ ನಿಮ್ಮ ಮನೆಯವರೇ.